ಕೆಂಪು ನೆಲಕ್ಕೆ ಒಂದು ನ್ಯಾಯ, ಎರೆ ನೆಲಕ್ಕೆ ಇನ್ನೊಂದು: ಹುಲ್ಲಿನ ಜಾಗಕ್ಕೆ ಟ್ರ್ಯಾಕ್ಟರ್ ಬಿಡುವ ಮುಂಚೆ ಇದನ್ನ ಓದಿ



ಈ ವಾರದ ಮಾತನ್ನ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ಕಮ್ಮಿ, ನೆಲ ಕೆಂಪು, ಮರಳು ಮಿಶ್ರಿತ. ಹೊಲದ ಮೇಲ್ಭಾಗದಲ್ಲಿ 4 ಎಕರೆ ಹುಲ್ಲಿಗೆ ಬಿಟ್ಟ ಜಾಗ ಇತ್ತು. ತಾತನ ಕಾಲದಿಂದ ಅಲ್ಲಿಗೆ ನೇಗಿಲು ಇಳಿದಿರಲಿಲ್ಲ. ಒಂದು ವರ್ಷ ಶೇಂಗಾ ರೇಟು ಚೆನ್ನಾಗಿತ್ತು. 'ಇಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲ' ಅನ್ನಿಸಿತು. ಟ್ರ್ಯಾಕ್ಟರ್ ಕರೆಸಿ ಉಳಿಸಿಬಿಟ್ಟೆ. ಮೊದಲ ವರ್ಷ ಬೆಳೆ ಪರವಾಗಿಲ್ಲ ಅನ್ನೋ ಹಾಗೆ ಬಂತು. ಎರಡನೇ ವರ್ಷ ಮಳೆ ಕೈಕೊಟ್ಟಿತು, ಬೀಜದ ದುಡ್ಡೂ ಬರಲಿಲ್ಲ. ಮೂರನೇ ವರ್ಷ 'ಸಾಕು, ಹುಲ್ಲಿಗೇ ಬಿಡೋಣ, ತಾನಾಗೇ ಬರುತ್ತೆ' ಅಂತ ಕೈಬಿಟ್ಟೆ.

ಹುಲ್ಲು ಬರಲಿಲ್ಲ. ಅಲ್ಲಲ್ಲಿ ಪಾರ್ಥೇನಿಯಂ ಬಂತು. ಉಳಿದ ಕಡೆ ಸಿಮೆಂಟ್ ಸಾರಿಸಿದ ಹಾಗೆ ನುಣ್ಣನೆ, ಗಟ್ಟಿ ನೆಲ. ಕುರಿ ಮೇಯಿಸೋ ಯಜಮಾನರೊಬ್ಬರು ಆ ಕಡೆ ಬಂದಾಗ ಕೋಲಿನಿಂದ ನೆಲ ಕುಟ್ಟಿ ನೋಡಿ ಹೇಳಿದರು: "ಲೋ ತಮ್ಮ, ನೆಲದ ಮ್ಯಾಗಿನ ಪೊರೆ ಕಿತ್ತಾಕಿದೀಯ. ಇನ್ನ ಹುಲ್ಲು ಎಲ್ಲಿಂದ ಬರ್ಬೇಕು?"

ಆಗ ನನಗೆ ಅವರ ಮಾತು ಅರ್ಥ ಆಗಲಿಲ್ಲ. ಆಮೇಲೆ ಓದಿ, ನಾಲ್ಕಾರು ಕಡೆ ನೆಲ ನೋಡಿ ತಿಳಿದುಕೊಂಡೆ. ಒಣ ಸೀಮೆಯ ಹುಲ್ಲುಗಾವಲಿನ ಗುಟ್ಟು ಇರೋದು ಮೇಲಿನ ಬೆರಳುದ್ದ ಮಣ್ಣಿನಲ್ಲಿ. ಆ ಮಣ್ಣು ಯಾವ ಜಾತಿಯದು, ಅದಕ್ಕೆ ನಾವು ಯಾವಾಗ, ಎಂಥಾ ಪೆಟ್ಟು ಕೊಡ್ತೀವಿ, ಈ ಎರಡು ಸೇರಿಯೇ ಅಲ್ಲಿ ಹುಲ್ಲು ನಿಲ್ಲುತ್ತೋ ಇಲ್ಲವೋ ಅನ್ನೋದು ತೀರ್ಮಾನ ಆಗುತ್ತೆ. ಎಲ್ಲಾ ನೆಲಕ್ಕೂ ಒಂದೇ ಔಷಧ ಹಾಕೋ ನಮ್ಮ ಅಭ್ಯಾಸ ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.

ಕೆಂಪು ನೆಲದ ಪೊರೆ

ಮೊದಲು ಮಳೆಹನಿಯ ಲೆಕ್ಕ ನೋಡಿ. ಜೋರು ಮಳೆಯ ದಪ್ಪ ಹನಿ ನೆಲಕ್ಕೆ ಬಡಿಯೋದು ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ. ಹುಲ್ಲು, ತರಗು ಇದ್ದರೆ ಆ ಪೆಟ್ಟನ್ನ ಅವು ತಿನ್ನುತ್ತವೆ. ಬರಿ ನೆಲ ಇದ್ದರೆ ಮಣ್ಣಿನ ಹೆಂಟೆಯೇ ತಿನ್ನಬೇಕು. ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಮ್ಮಿ, ಹೆಂಟೆಗೆ ಬಲ ಇಲ್ಲ. ಪೆಟ್ಟಿಗೆ ಒಡೆದು ಪುಡಿಯಾಗುತ್ತೆ. ನಯವಾದ ಜೇಡಿ ಕಣಗಳು ಮರಳಿನ ಸಂದಿಯಲ್ಲಿ ಹೋಗಿ ಕೂತು ಬಿರಡೆ ಹಾಕಿದ ಹಾಗೆ ಮುಚ್ಚಿಬಿಡುತ್ತವೆ. ಬಿಸಿಲು ಬಿದ್ದ ಮೇಲೆ ಅದೇ ಗಟ್ಟಿ ಹೆಪ್ಪು. ಕೆಲವೇ ಮಿಲಿಮೀಟರ್ ದಪ್ಪ ಇರುತ್ತೆ, ಆದರೆ ಮುಂದಿನ ಮಳೆಯ ನೀರನ್ನ ಒಳಗೆ ಬಿಡೋದಿಲ್ಲ.

ಇದರ ನಷ್ಟ ಎಷ್ಟು? 1 ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 20 ಮಿ.ಮೀ. ಹದ ಮಳೆ ಅಂದ್ರೆ 80,000 ಲೀಟರ್. ಅದರಲ್ಲಿ ಅರ್ಧ ಹರಿದು ಹೋಯ್ತು ಅಂತ ಇಟ್ಟುಕೊಳ್ಳಿ, 5,000 ಲೀಟರ್‌ನ 8 ಟ್ಯಾಂಕರ್ ನೀರು ಒಂದು ಎಕರೆಯಿಂದ ಒಂದೇ ಸಂಜೆ ಹೋದ ಹಾಗಾಯ್ತು. ಬರೀ ನೀರು ಹೋಗೋದಿಲ್ಲ, ಮಣ್ಣೂ ಹೋಗುತ್ತೆ. ಒಂದು ಎಕರೆಯಲ್ಲಿ ಬರೀ 1 ಮಿ.ಮೀ. ಮಣ್ಣು ಕೊಚ್ಚಿ ಹೋದರೆ ಅದು 5 ಟನ್‌ಗಿಂತ ಜಾಸ್ತಿ. ಕಣ್ಣಿಗೆ ಕಾಣೋದೂ ಇಲ್ಲ.

ಇದು ಸತ್ತ ಹೆಪ್ಪಿನ ಕಥೆ. ಕೆಂಪು ನೆಲದಲ್ಲಿ ಇನ್ನೊಂದು ಪೊರೆ ಇದೆ, ಅದು ಜೀವಂತ. ಕೆದಕದ ಹುಲ್ಲುಗಾವಲಿನಲ್ಲಿ ಎರಡು ಹುಲ್ಲಿನ ಬುಡಗಳ ನಡುವೆ ಬಗ್ಗಿ ನೋಡಿ. ನೆಲ ಸ್ವಲ್ಪ ಕಪ್ಪಗೆ, ಉರುಟಾಗಿ ಕಾಣುತ್ತೆ. ಮಳೆ ಬಿದ್ದ ಮಾರನೇ ದಿನ ನೋಡಿದರೆ ಅದೇ ಜಾಗ ಹಸಿರಾಗಿರುತ್ತೆ. ಅದು ನೀಲಿ ಹಸಿರು ಪಾಚಿ, ಕಲ್ಲುಹೂವು, ಸಣ್ಣ ಹಾವಸೆ ಸೇರಿ ಹೆಣೆದ ಬಟ್ಟೆ. ಭತ್ತದ ಗದ್ದೆಗೆ ಸಾರಜನಕ ಸಿಗಲಿ ಅಂತ ನೀಲಿ ಹಸಿರು ಪಾಚಿ ಹಾಕೋದು ನೀವು ಕೇಳಿರ್ತೀರಿ. ಅದರ ನೆಂಟರೇ ಇವು. ಒಣಗಿದಾಗ ಸತ್ತ ಹಾಗೆ ಬಿದ್ದಿರುತ್ತವೆ, ನೀರು ಬಿದ್ದ ಸ್ವಲ್ಪ ಹೊತ್ತಿಗೇ ಜೀವ ಬರುತ್ತೆ. ಅವುಗಳ ಎಳೆ, ಅಂಟು ಎರಡೂ ಸೇರಿ ಮರಳಿನ ಕಣಗಳನ್ನ ಹಿಡಿದಿಡುತ್ತವೆ. ಗಾಳಿಗೆ ಮಣ್ಣು ಹಾರೋದಿಲ್ಲ, ನೀರಿಗೆ ಸುಲಭವಾಗಿ ಕೊಚ್ಚೋದಿಲ್ಲ.

ಆದರೆ ಈ ಪೊರೆಗೆ ಒಂದು ದೌರ್ಬಲ್ಯ ಇದೆ. ಒಣಗಿದಾಗ ಹಪ್ಪಳದ ಹಾಗೆ. ಬೈಕ್ ಚಕ್ರ, ಟ್ರ್ಯಾಕ್ಟರ್, ದಿನಾ ಒಂದೇ ದಾರಿಯಲ್ಲಿ ಓಡಾಡೋ ದೊಡ್ಡ ಮಂದೆ, ಯಾವುದಾದರೂ ಸಾಕು ಪುಡಿಯಾಗೋಕೆ. ಪಾಚಿ ಕೆಲವು ವರ್ಷದಲ್ಲಿ ಮತ್ತೆ ಹಬ್ಬಬಹುದು. ಕಲ್ಲುಹೂವು, ಹಾವಸೆ ಹಳೇ ಸ್ಥಿತಿಗೆ ಬರೋಕೆ ದಶಕಗಳೇ ಬೇಕು. ಅಮೆರಿಕದ ಯೂಟಾ ರಾಜ್ಯದ ಒಣನೆಲದ ರಾಷ್ಟ್ರೀಯ ಉದ್ಯಾನಗಳಲ್ಲಿ 'ದಾರಿ ಬಿಟ್ಟು ನೆಲದ ಪೊರೆ ತುಳಿಯಬೇಡಿ' ಅಂತ ಪ್ರವಾಸಿಗರಿಗೆ ಎಚ್ಚರಿಕೆ ಕೊಡೋದು ಇದಕ್ಕೇ. ಅದೇ ದೇಶದ ಮೊಹಾವಿ ಮರುಭೂಮಿಯಲ್ಲಿ 1942ರಿಂದ ಸೈನ್ಯದ ತರಬೇತಿ ನಡೆದಿತ್ತು. ಆಗಿನ ಟ್ಯಾಂಕುಗಳ ಚಕ್ರದ ಗುರುತು ಈಗಲೂ ನೆಲದ ಮೇಲೆ ಕಾಣುತ್ತೆ. ನಮ್ಮಲ್ಲಿ ಅವರಿಗಿಂತ ಮಳೆ ಜಾಸ್ತಿ, ನೆಲ ಇನ್ನೂ ಬೇಗ ಸುಧಾರಿಸಬಹುದು. ಆದರೆ ಪಾಠ ಅದೇ: ಒಣ ನೆಲ ಪೆಟ್ಟನ್ನ ಬಹಳ ಕಾಲ ನೆನಪಿಟ್ಟುಕೊಳ್ಳುತ್ತೆ.

ನನ್ನ 4 ಎಕರೆಯಲ್ಲಿ ಆಗಿದ್ದೂ ಇದೇ. ಉಳುಮೆಯಲ್ಲಿ ಹುಲ್ಲಿನ ಬುಡ ಕಿತ್ತು ಬಂತು. ಜೀವದ ಪೊರೆ ಹೋಯ್ತು. ಶೇಂಗಾ ಕೀಳುವಾಗ ಇನ್ನೊಂದು ಸಲ ನೆಲ ಕೆದಕಿದೆವು. ಕೊನೆಗೆ ಬರಿ ನೆಲದ ಮೇಲೆ ಮಳೆ ಬಿದ್ದು ಸತ್ತ ಹೆಪ್ಪು ಕಟ್ಟಿತು. ನಮ್ಮ ಕಾವಲಿನಲ್ಲಿ ಬಟ್ಟೆಗೆ, ಕುರಿ ಉಣ್ಣೆಗೆ ಚುಚ್ಚಿಕೊಳ್ಳೋ ಊಬಿನ ಹುಲ್ಲು ಇದೆಯಲ್ಲ, ಅದರ ಬೀಜದ ಊಬು ನೆನೆದಾಗ, ಒಣಗಿದಾಗ ತಿರುಚಿಕೊಂಡು ಬೀಜವನ್ನ ತಾನೇ ನೆಲಕ್ಕೆ ಕೊರೆದು ಇಳಿಸುತ್ತೆ. ಅದಕ್ಕೆ ಸಣ್ಣ ಬಿರುಕೋ, ಉರುಟು ಜಾಗವೋ ಬೇಕು. ನುಣ್ಣನೆ ಹೆಪ್ಪಿನ ಮೇಲೆ ಅದೇನು ಮಾಡೀತು? ಗಾಳಿಗೆ ಹೋಗಿ ಬದುವಿಗೆ ಸೇರಿತು.

ಎರೆ ನೆಲದ ಲೆಕ್ಕವೇ ಬೇರೆ

ನಮ್ಮಕ್ಕನ್ನ ಕೊಟ್ಟಿರೋದು ಗದಗ ಜಿಲ್ಲೆಯ ರೋಣದ ಕಡೆಗೆ, ಅಪ್ಪಟ ಎರೆ ಸೀಮೆ. ಈ ಪೊರೆಯ ವಿಷಯ ಭಾವನ ಹತ್ತಿರ ಹೇಳಿದರೆ ಅವರು ನಕ್ಕರು. ಅವರ ನೆಲದಲ್ಲಿ ಅಂಥಾ ಪೊರೆ ಹುಡುಕಿದರೂ ಸರಿಯಾಗಿ ಸಿಗೋದಿಲ್ಲ. ಕಾರಣ ಇದೆ. ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ಕೈ ಹೋಗೋವಷ್ಟು ಬಿರುಕು ಬಿಡುತ್ತೆ. ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಬೀಳುತ್ತೆ, ಮಳೆ ಬಂದಾಗ ಮತ್ತೆ ಉಬ್ಬುತ್ತೆ. ಅಂದ್ರೆ ಆ ನೆಲ ತನ್ನನ್ನ ತಾನೇ ಉಳುಮೆ ಮಾಡಿಕೊಳ್ಳುತ್ತೆ. ಮೇಲ್ಮೈ ಒಂದು ಕಡೆ ನಿಲ್ಲೋದೇ ಇಲ್ಲ ಅಂದ್ಮೇಲೆ ಪಾಚಿ ನೆಲೆ ಊರೋದು ಕಷ್ಟ.

ಹಾಗಾದರೆ ಅಲ್ಲಿ ಏನೂ ಮಾಡಿದರೂ ನಡೆಯುತ್ತಾ? ಇಲ್ಲ. ಭಾವನೇ ಹೇಳಿದ ಮಾತು ಇದು: "ಹಸಿ ಎರಿಯೊಳಗ ದನಾ ಬಿಟ್ಟಿ ಅಂದ್ರ ಆ ವರ್ಷ ಹುಲ್ಲಿನ ಆಸೆ ಬಿಡು." ಒಣಗಿದ ಎರೆ ನೆಲ ಗೊರಸಿನ ಪೆಟ್ಟನ್ನ ತಡೆಯುತ್ತೆ. ಒದ್ದೆಯಾದ ಎರೆ ನೆಲ ತಡೆಯೋದಿಲ್ಲ. ಗೊರಸು ಇಳಿದ ಕಡೆ ಮಣ್ಣು ಕಲಸಿ, ಒತ್ತಿ, ಗಾಳಿಯ ಸಂದಿ ಎಲ್ಲಾ ಮುಚ್ಚಿ ಇಟ್ಟಿಗೆ ಮಣ್ಣಿನ ಹಾಗಾಗುತ್ತೆ. ಒಣಗಿದ ಮೇಲೆ ಗುಂಡಿ, ದಿಣ್ಣೆ, ನಡುವೆ ಗಟ್ಟಿ ಹೆಂಟೆ. ಹುಲ್ಲಿನ ಬೇರು ಅದರಲ್ಲಿ ಉಸಿರಾಡೋಕೆ ಆಗೋದಿಲ್ಲ.

ನೀರಿನ ಲೆಕ್ಕವೂ ಬೇರೆಯೇ. ಬಿರುಕು ಇರೋವಾಗ ಬಿದ್ದ ಮೊದಲ ಮಳೆ ನೇರ ಆಳಕ್ಕೆ ಇಳಿಯುತ್ತೆ. ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಅದೇ ನೆಲ ನೀರು ಕುಡಿಯೋದು ಬಹಳ ನಿಧಾನ. ಅದಕ್ಕೇ ಆಳವಾದ ಎರೆ ಭೂಮಿಗೆ ಸಮಪಾತಳಿ ಬದು ಸರಿಹೋಗೋದಿಲ್ಲ ಅಂತ ಮಣ್ಣು ಸಂರಕ್ಷಣೆಯ ಪಾಠದಲ್ಲೇ ಇದೆ. ಬದು ಬಿರುಕು ಬಿಡುತ್ತೆ, ಹಿಂದೆ ನೀರು ನಿಲ್ಲುತ್ತೆ, ಕೊನೆಗೆ ಒಡೆದು ಹೋಗುತ್ತೆ. ಕೆಂಪು ನೆಲದಲ್ಲಿ ಕೆಲಸಕ್ಕೆ ಬರೋ ಬದು ಅಲ್ಲಿ ತೊಂದರೆ ಕೊಡುತ್ತೆ.

ಸುಲಭವಾಗಿ ನೆನಪಿಡಬೇಕು ಅಂದ್ರೆ: ಕೆಂಪು ನೆಲದ ಪೊರೆಗೆ ಒಣಗಿದಾಗ ಪೆಟ್ಟು, ಎರೆ ನೆಲಕ್ಕೆ ಒದ್ದೆಯಾದಾಗ ಪೆಟ್ಟು. ಅಂದರೆ ಕೆಂಪು ನೆಲವನ್ನ ಕೆಸರಾದಾಗ ಹೇಗಾದರೂ ತುಳಿಸಬಹುದು ಅಂತಲ್ಲ, ಅದೂ ಅದುಮಿಕೊಳ್ಳುತ್ತೆ. ಹೆಚ್ಚು ಭಯ ಯಾವಾಗ ಅನ್ನೋದಷ್ಟೇ ನಾನು ಹೇಳ್ತಿರೋದು.

ಮೂರನೇದು ಗರಸು ನೆಲ, ಗುಡ್ಡದ ಪಕ್ಕದ್ದು. ಮೇಲೆಲ್ಲಾ ಸಣ್ಣ ಕಲ್ಲು, ಕೆಳಗೆ ಗೇಣುದ್ದ ಮಣ್ಣು. ಇಲ್ಲಿ ಆ ಕಲ್ಲುಗಳೇ ಹೊದಿಕೆ. ಮಳೆಹನಿಯ ಪೆಟ್ಟು ತಿನ್ನೋದು, ಮಣ್ಣು ಜಾರದ ಹಾಗೆ ಹಿಡಿಯೋದು, ನೆಲದ ತೇವ ಕಾಯೋದು ಎಲ್ಲಾ ಅವೇ. 'ಕಲ್ಲು ಆರಿಸಿ ಹಸನು ಮಾಡ್ತೀನಿ' ಅಂತ ಹೊರಟರೆ ಉಳಿದ ಗೇಣು ಮಣ್ಣೂ ಎರಡು ಮಳೆಗೆ ಹೋಗುತ್ತೆ. ರಸ್ತೆಗೆ ಅಂತ ಗರಸು ತೆಗೆದ ಜಾಗದಲ್ಲಿ ಹುಲ್ಲು ಮತ್ತೆ ಬಂದಿದ್ದು ನೀವು ಎಷ್ಟು ಕಡೆ ನೋಡಿದ್ದೀರಿ, ಯೋಚನೆ ಮಾಡಿ.

ನೆಲ ಬದಲಾದರೆ ಹುಲ್ಲೂ ಬದಲಾಗುತ್ತೆ. ದಬಡ್‌ಘಾವ್ ಮತ್ತು ಶಂಕರನಾರಾಯಣ್ ಅನ್ನೋ ವಿಜ್ಞಾನಿಗಳು ದೇಶದ ಹುಲ್ಲುಗಾವಲುಗಳ ಬಗ್ಗೆ ಬರೆದ ಪುಸ್ತಕ 1973ರಲ್ಲಿ ಬಂತು. ದಕ್ಷಿಣ ಪ್ರಸ್ಥಭೂಮಿಯ ಹುಲ್ಲಿಗೆ ಅವರು ಕೊಟ್ಟ ಹೆಸರು ಸೆಹಿಮಾ–ಡೈಕ್ಯಾಂಥಿಯಂ. ಸೆಹಿಮಾ ಜಾತಿ ಗರಸು ನೆಲದ್ದು, ಡೈಕ್ಯಾಂಥಿಯಂ ಜಾತಿ ಸಮತಟ್ಟು ಮಣ್ಣಿನದು. ಒಂದೇ ಕಾವಲಿನಲ್ಲಿ ನೂರು ಹೆಜ್ಜೆ ಅಂತರದಲ್ಲಿ ಎರಡೂ ಸಿಗಬಹುದು. ಹೀಗಿರುವಾಗ ಇಡೀ ಕಾವಲಿಗೆ ಒಂದೇ ಜೆಸಿಬಿ, ಒಂದೇ ಅಳತೆಯ ಗುಂಡಿ, ಒಂದೇ ಜಾತಿಯ ಸಸಿ ಯಾವ ನ್ಯಾಯ?

ಕುರಿ ಶತ್ರು ಅಲ್ಲ

ಇಲ್ಲಿ ಕೆಲವರು 'ಹಾಗಾದ್ರೆ ಬೇಲಿ ಹಾಕಿ ಕುರಿ, ದನ ಎಲ್ಲಾ ನಿಲ್ಲಿಸಿಬಿಡೋಣ' ಅಂತಾರೆ. ನಾನು ಒಪ್ಪೋದಿಲ್ಲ. ಗೊರಸು ಒಂದು ಮಿತಿಯಲ್ಲಿ ನೆಲಕ್ಕೆ ಒಳ್ಳೇದೇ ಮಾಡುತ್ತೆ. ಸತ್ತ ಹೆಪ್ಪು ಒಡೆಯುತ್ತೆ, ಸಣ್ಣ ಗುಳಿ ಮಾಡುತ್ತೆ, ಆ ಗುಳಿಯಲ್ಲಿ ಬೀಜ, ಹಿಕ್ಕೆ, ನೀರು ಮೂರೂ ಕೂಡುತ್ತವೆ. ಹಳೇ ಒಣ ಹುಲ್ಲು ತುಳಿದು ನೆಲಕ್ಕೆ ಹೊದಿಕೆ ಮಾಡುತ್ತೆ. ತೊಂದರೆ ಶುರುವಾಗೋದು ಪುರುಸೊತ್ತು ಕೊಡದೆ, ಒಂದೇ ಜಾಗದಲ್ಲಿ, ತಪ್ಪು ಕಾಲದಲ್ಲಿ ಮೇಯಿಸಿದಾಗ.

ಈ ಬುದ್ಧಿ ಹೊಸದೇನಲ್ಲ. ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳನ್ನ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ವಿಂಗಡಿಸಿದ್ದರು. ದನ ಒಂದು ಕಡೆ ಮೇಯುವಾಗ ಇನ್ನೊಂದು ಕಡೆಯ ನೆಲ ಸುಧಾರಿಸಿಕೊಳ್ಳುತ್ತಿತ್ತು. ಈಗ ಕಾವಲು ಕರಗಿದೆ, ಗೋಮಾಳ ಕರಗಿದೆ. 100 ರಾಸಿಗೆ 30 ಎಕರೆ ಗೋಮಾಳ ಅನ್ನೋ ನಿಯಮ ಪುಸ್ತಕದಲ್ಲಿದೆ, ನಿಮ್ಮೂರಲ್ಲಿ ಎಷ್ಟಿದೆ ಅಂತ ನೀವೇ ಎಣಿಸಿ ನೋಡಿ. ಇದ್ದ ಕುರಿ ಎಲ್ಲಾ ಉಳಿದ ಚೂರು ಜಾಗಕ್ಕೆ ಬಂದು ನಿಂತ ಮೇಲೆ 'ಕುರಿಯಿಂದ ನೆಲ ಹಾಳಾಯ್ತು' ಅನ್ನೋದು ಅನ್ಯಾಯ.

ಇದಕ್ಕೆ ಮೂಲ ನಮ್ಮ ಮಾತಿನಲ್ಲೂ ಇದೆ. ಹುಲ್ಲಿನ ಜಾಗಕ್ಕೆ ನಾವು 'ಬೀಳು', 'ಬರಡು', 'ಖರಾಬು' ಅಂತೀವಿ. ಸರ್ಕಾರ 2000ನೇ ಇಸವಿಯಲ್ಲಿ ಮೊದಲ ಸಲ ಪಾಳುಭೂಮಿಯ ಅಟ್ಲಾಸ್ ತಂದಾಗಿನಿಂದ ಎಷ್ಟೋ ಒಳ್ಳೇ ಹುಲ್ಲುಗಾವಲು ಪಾಳುಭೂಮಿಯ ಲೆಕ್ಕದಲ್ಲೇ ಇದೆ. ಪಾಳು ಅಂದ ಮೇಲೆ ಯಾರು ಏನು ಮಾಡಿದರೂ ಸುಧಾರಣೆಯೇ! ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲೇ ಬಹುಪಾಲು ಜಾಗಕ್ಕೆ ನೀಲಗಿರಿ ನೆಟ್ಟಿದ್ದರು. ಹುಲ್ಲು ತಿನ್ನೋ ಪ್ರಾಣಿಯ ಮನೆಯಲ್ಲಿ ನೀಲಗಿರಿ ತೋಪು! 2026ನೇ ಇಸವಿಯನ್ನ ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಬೋರ್ಡು, ಭಾಷಣಕ್ಕಿಂತ ನಮ್ಮೂರ ಕಾವಲಿನ ನೆಲ ಬಗ್ಗಿ ನೋಡೋದು ಒಳ್ಳೇ ಆಚರಣೆ ಅಂತ ನನ್ನ ಭಾವನೆ.

'ಅಣ್ಣಾ, ಹುಲ್ಲು ನೋಡಿಕೊಂಡು ಕೂತರೆ ಸಾಲ ತೀರುತ್ತಾ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ನಾನೂ ಅದನ್ನೇ ಯೋಚಿಸಿ ಟ್ರ್ಯಾಕ್ಟರ್ ಬಿಟ್ಟೆ. ಈಗ ನನ್ನ ಲೆಕ್ಕ ಹೀಗಿದೆ: ಎರಡು ವರ್ಷದ ಶೇಂಗಾದಲ್ಲಿ ಲಾಭ ಉಳಿಯಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಪ್ರತಿ ಬೇಸಿಗೆ ಮೇವು ದುಡ್ಡು ಕೊಟ್ಟು ತರ್ತಿದ್ದೀನಿ. ಹುಲ್ಲು ಕೊಡೋ ಆದಾಯ ಕೈಗೆ ನೋಟಾಗಿ ಬರೋದಿಲ್ಲ, ಅದಕ್ಕೇ ಅದು ಲೆಕ್ಕಕ್ಕೆ ಸಿಗಲಿಲ್ಲ. ನೀರಾವರಿ ಇದ್ದು, ಆಳ ಮಣ್ಣು ಇದ್ದರೆ ಬೆಳೆ ಮಾಡಿ, ಬೇಡ ಅನ್ನೋರು ಯಾರು? ಇಳಿಜಾರಿನ, ತೆಳು ಮಣ್ಣಿನ, ಮಳೆ ನಂಬಿದ ಹುಲ್ಲಿನ ಜಾಗವನ್ನ ಒಂದು ವರ್ಷದ ರೇಟು ನೋಡಿ ಕೆಡಿಸಬೇಡಿ ಅಂತಷ್ಟೇ ನನ್ನ ಮಾತು.

ಮೊಬೈಲ್ ಹಿಡಿದು ಮಾಡೋ 4 ಪರೀಕ್ಷೆ

1. ಬಗ್ಗಿ ನೋಡಿ. ಚಾಕುವಿನ ತುದಿಯಿಂದ ಮೇಲಿನ ಪದರದ ಒಂದು ಚೂರು ನಿಧಾನಕ್ಕೆ ಎತ್ತಿ. ಅಡಿಯಲ್ಲಿ ಕೂದಲಿನಂಥಾ ಸಣ್ಣ ಎಳೆಗೆ ಮರಳು ಅಂಟಿಕೊಂಡು ತೂಗುತ್ತಿದ್ದರೆ ಅದು ಜೀವಂತ ಪೊರೆ. ನುಣ್ಣಗೆ, ಬಿಳಿಚಿಕೊಂಡು, ಬಿಲ್ಲೆಯ ಹಾಗೆ ಒಡೆದರೆ ಸತ್ತ ಹೆಪ್ಪು. ಕ್ಯಾಮೆರಾ ಝೂಮ್ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತೆ.

2. ಲೋಟದ ಪರೀಕ್ಷೆ. ಹುಲ್ಲಿನ ಬುಡದಿಂದ ಒಂದು ಒಣ ಹೆಂಟೆ, ಪಕ್ಕದ ಉಳುಮೆ ಹೊಲದಿಂದ ಒಂದು ಒಣ ಹೆಂಟೆ ತನ್ನಿ. ಎರಡು ಗಾಜಿನ ಲೋಟದ ನೀರಿಗೆ ಒಟ್ಟಿಗೆ ಬಿಟ್ಟು ವಿಡಿಯೋ ಮಾಡಿ. ಯಾವುದು ಬೇಗ ಕರಗಿ ಕೂರುತ್ತೋ ಅದರ ಬಲ ಕಮ್ಮಿ. ಕೆಂಪನ್ನ ಕೆಂಪಿನ ಜೊತೆ, ಎರೆಯನ್ನ ಎರೆಯ ಜೊತೆ ಮಾತ್ರ ಹೋಲಿಸಿ.

3. ಪೈಪಿನ ಪರೀಕ್ಷೆ. 6 ಇಂಚು ಅಗಲದ ಪಿವಿಸಿ ಪೈಪಿನ ಗೇಣುದ್ದ ತುಂಡನ್ನ 2 ಇಂಚು ನೆಲಕ್ಕೆ ಇಳಿಸಿ 1 ಲೀಟರ್ ನೀರು ಹಾಕಿ. ಅದು ಹೆಚ್ಚುಕಮ್ಮಿ 55 ಮಿ.ಮೀ. ಮಳೆಗೆ ಸಮ. ಇಂಗೋಕೆ ಎಷ್ಟು ನಿಮಿಷ ಅಂತ ಸ್ಟಾಪ್‌ವಾಚ್‌ನಲ್ಲಿ ನೋಡಿ. ಹುಲ್ಲಿನ ಬುಡದಲ್ಲಿ ಒಂದು ಸಲ, ಬರಿ ನೆಲದಲ್ಲಿ ಒಂದು ಸಲ ಮಾಡಿ.

4. ಫೋಟೋ. ನಾಲ್ಕು ಗೂಟ ಹೊಡೆದು 1 ಮೀಟರ್ ಚೌಕ ಗುರುತು ಮಾಡಿ. ಮಳೆಗೆ ಮುಂಚೆ, ಮಳೆ ಮುಗಿದ ಮೇಲೆ, ಬೇಸಿಗೆಯಲ್ಲಿ, ವರ್ಷಕ್ಕೆ 3 ಸಲ ಮೇಲಿನಿಂದ ಫೋಟೋ ತೆಗೀರಿ. ಹುಲ್ಲಿನ ಬುಡ ಪೀಠದ ಮೇಲೆ ನಿಂತ ಹಾಗೆ ಎತ್ತರ ಕಂಡರೆ ಸುತ್ತಲಿನ ಮಣ್ಣು ಹೋಗ್ತಾ ಇದೆ ಅಂತ ಅರ್ಥ.

ಈಗಾಗಲೇ ಕೆಟ್ಟಿದ್ದರೆ

ಕೆಂಪು ನೆಲ ಆದರೆ ಮತ್ತೆ ಉಳಬೇಡಿ. ಮುಂಗಾರಿಗೆ ಮುಂಚೆ ಸತ್ತ ಹೆಪ್ಪು ಇರೋ ಕಡೆ ಮಾತ್ರ ಮುಳ್ಳುಕೊಂಬೆಯಿಂದಲೋ ಕುಂಟೆಯಿಂದಲೋ ಮೇಲೆ ಮೇಲೆ ಗೀರಿ, ಪಕ್ಕದ ಕಾವಲಿನದೇ ಹುಲ್ಲಿನ ಬೀಜ ಉದುರಿಸಿ, ಮೇಲೆ ತೆಳ್ಳಗೆ ಕಸಕಡ್ಡಿ, ಕೊಂಬೆ ಹೊದಿಸಿ. ಬಳ್ಳಾರಿ ಜಾಲಿ ಕೊಂಬೆ ಆದರೆ ಕಾಯಿ ಇಲ್ಲದ್ದನ್ನೇ ಹಾಕಿ, ಇಲ್ಲಾಂದ್ರೆ ಹುಲ್ಲಿನ ಬದಲು ಜಾಲಿ ಬೆಳೆಯುತ್ತೆ. ನೀರು ಹರಿಯೋ ಕಡೆ ಅಡ್ಡಲಾಗಿ ಒಂದೊಂದು ಸಾಲು ಕಲ್ಲು ಜೋಡಿಸಿ. ಹುಲ್ಲು ಗೇಣುದ್ದ ಬರೋವರೆಗೆ ಕುರಿ ಬಿಡಬೇಡಿ. ಗಾಡಿ, ಬೈಕ್ ಓಡಾಟಕ್ಕೆ ಒಂದೇ ದಾರಿ ಇಟ್ಟುಕೊಳ್ಳಿ.

ಎರೆ ನೆಲ ಆದರೆ ದೊಡ್ಡ ಮಳೆ ಬಿದ್ದ ಮೇಲೆ ಕಾಲಿಗೆ ಮಣ್ಣು ಅಂಟೋದು ನಿಲ್ಲೋವರೆಗೂ ದನ, ಟ್ರ್ಯಾಕ್ಟರ್ ಎರಡನ್ನೂ ದೂರ ಇಡಿ. ಬಿರುಕು ನೋಡಿ ಗಾಬರಿಯಾಗಿ ಮುಚ್ಚೋಕೆ ಹೋಗಬೇಡಿ, ಮೊದಲ ಮಳೆ ಕುಡಿಯೋ ಬಾಯಿ ಅದು. ಗರಸು ನೆಲ ಆದರೆ ಕಲ್ಲು ಅಲ್ಲೇ ಇರಲಿ.

ಊರಿನ ಕಾವಲಿಗೆ ಯಾವುದೋ ಯೋಜನೆ ಅಂತ ಜೆಸಿಬಿ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: 'ಇದು ಯಾವ ಮಣ್ಣು ಅಂತ ನೋಡಿದ್ದೀರಾ?' ಪೈಪಿನ ಪರೀಕ್ಷೆಯ ವಿಡಿಯೋ ನಿಮ್ಮ ಮೊಬೈಲ್‌ನಲ್ಲಿ ಇದ್ದರೆ ಆ ಪ್ರಶ್ನೆಗೆ ಬಲ ಬರುತ್ತೆ.

ನನ್ನ 4 ಎಕರೆಯಲ್ಲಿ ಈಗ ಒಂದು ಮೂಲೆಗೆ, ಕೊಂಬೆ ಹೊದಿಸಿದ ಜಾಗದಲ್ಲಿ, ಹುಲ್ಲು ಹಿಡಿದಿದೆ. ಕಳೆದ ಮಳೆಗಾಲದಲ್ಲಿ ಅಲ್ಲಿ ಬಗ್ಗಿ ನೋಡಿದಾಗ ಎರಡು ಬುಡದ ನಡುವೆ ಅಂಗೈ ಅಗಲ ಹಸಿರು ಪೊರೆ ಕಾಣಿಸಿತು. ಉಳಿದ ಮೂರು ಮುಕ್ಕಾಲು ಎಕರೆ ಇನ್ನೂ ಕಾಯ್ತಾ ಇದೆ. ಉಳೋಕೆ ಅವತ್ತು ಒಂದು ಮಧ್ಯಾಹ್ನ ಸಾಕಾಗಿತ್ತು.